ಗ್ರಾಫಿಕ್ಸ್ ಕಾರ್ಡು ಕೊಳ್ಳುವ ಮೊದಲು

ಊರು ಬಿಟ್ಟು ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿದ ನಮ್ಮವರಲ್ಲಿ ಸಣ್ಣ ಆಫೀಸುಗಳನ್ನು ನಡೆಸುವವರು ಬಹಳ ಮಂದಿ. ಹೋಟೆಲಿನ ಹಿಂಬದಿಯ ಲೆಕ್ಕದ ಕೋಣೆ, ಆಡಿಟರ ಕಚೇರಿ, ಪುಟ್ಟ ಮುದ್ರಣಾಲಯ, ಟ್ಯೂಷನ್ ಕ್ಲಾಸು, ಕಡೆಗೆ ನಮ್ಮ ಕನ್ನಡ ಸಂಘಗಳ ಕಾರ್ಯಾಲಯ, ಎಲ್ಲಿ ಹೋದರೂ ಎರಡರಿಂದ ಹತ್ತರವರೆಗೆ ಕಂಪ್ಯೂಟರುಗಳುಂಟು. ಅವುಗಳಲ್ಲಿ ಎಷ್ಟೋ ಯಂತ್ರಗಳು 2016–17ರ ಸುಮಾರಿನವು. ಕೆಟ್ಟಿಲ್ಲ, ಸೋತಿಲ್ಲ, ದಿನದ ಕೆಲಸವನ್ನು ತಕರಾರಿಲ್ಲದೆ ಮಾಡುತ್ತಿವೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ, ಇಂಟೆಲ್ ಯಂತ್ರವಾದಲ್ಲಿ ಎಂಟನೆಯ ತಲೆಮಾರಿನ ಅಥವಾ ಅದರ ಮುಂದಿನ ಪ್ರೊಸೆಸರು ಇರಬೇಕು, ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಇರಬೇಕು ಎಂಬ ಕಟ್ಟಳೆ. ಆರನೆಯ, ಏಳನೆಯ ತಲೆಮಾರಿನ ಯಂತ್ರಗಳು ಬಹುಮಟ್ಟಿಗೆ ಹೊರಗುಳಿದವು. ಉಳುವ ಎತ್ತನ್ನು ಕೊಂಬು ಗಿಡ್ಡವೆಂದು ಸಂತೆಗೆ ಹೊಡೆದಂತಾಯಿತು.

ಹೀಗಿರಲಾಗಿ, ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯ ಕಡೆಗೆ ಹಲವರ ಲಕ್ಷ್ಯ ಹರಿದಿದೆ. ಮುಕ್ತವೆಂದರೆ ಬರಿಯ ಪುಕ್ಕಟೆ ಎಂದಲ್ಲ. ಅದನ್ನು ಕಟ್ಟಿದ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಡೆಬಿಯನ್, ಉಬುಂಟು, ಮಿಂಟ್ ಎಂಬವು ಅದರ ಬೇರೆ ಬೇರೆ ಅವತಾರಗಳು. ಇದು ವಿಜ್ಞಾನಿಗಳ ಆಟಿಕೆಯೆಂದು ಯಾರೂ ಹೆದರಬೇಕಾಗಿಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಇದನ್ನೇ ಕಲಿಯುತ್ತಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದಕ್ಕೆ ಸೇರಿದವರೇ.

ಲಿನಕ್ಸಿಗೆ ಹೋಗಲು ಮನಸ್ಸು ಮಾಡಿದವರಲ್ಲಿ ಬಹಳ ಜನ ಮೊದಲು ಕೇಳುವ ಪ್ರಶ್ನೆ, “ಅದಕ್ಕೆ ಯಾವ ಗ್ರಾಫಿಕ್ಸ್ ಕಾರ್ಡು ಕೊಳ್ಳಬೇಕು?” ಎಂಬುದು. ಅಂಗಡಿಗೆ ಹೋಗಿ ಕೇಳಿದರೆ ಮಾರುವವನು ಮೂರು ಡಬ್ಬಗಳನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಎರಡು ಜಿಬಿ, ಇದರಲ್ಲಿ ನಾಲ್ಕು ಜಿಬಿ ಎಂದು ಎಣಿಸತೊಡಗುತ್ತಾನೆ. ಆ ಎಣಿಕೆಯಿಂದ ಆಫೀಸಿಗೆ ಆಗುವ ಉಪಕಾರ ಅತ್ಯಲ್ಪ. ಕೇಳಬೇಕಾದ ಮಾತು ಬೇರೆಯೇ ಇದೆ. ಅದನ್ನೇ ಇಲ್ಲಿ ಸ್ವಲ್ಪ ವಿವರಿಸಬೇಕೆಂದಿದ್ದೇವೆ.

ಮೊದಲು, ಕಾರ್ಡು ಬೇಕೇ ಎಂಬುದನ್ನು ನೋಡೋಣ. ತೆರೆಯ ಮೇಲೆ ಮೂಡುವ ಅಕ್ಷರ, ಚಿತ್ರ, ಕಿಟಕಿ ಎಲ್ಲವನ್ನೂ ಚುಕ್ಕೆ ಚುಕ್ಕೆಯಾಗಿ ರಚಿಸುವ ಒಂದು ಅಂಗ ಪ್ರತಿ ಕಂಪ್ಯೂಟರಿನಲ್ಲಿಯೂ ಇರಲೇಬೇಕು. ಅದು ಪ್ರತ್ಯೇಕ ಫಲಕವಾಗಿರಬಹುದು, ಇಲ್ಲವೆ ಪ್ರೊಸೆಸರಿನ ಹೊಟ್ಟೆಯೊಳಗೇ ಇರಬಹುದು. 2016–17ರಲ್ಲಿ ಆಫೀಸುಗಳಿಗೆ ಬಂದ ಇಂಟೆಲ್ ಯಂತ್ರಗಳಲ್ಲಿ ಎಚ್‌ಡಿ 530, ಎಚ್‌ಡಿ 630 ಎಂಬ ಹೆಸರಿನ ಒಳಗ್ರಾಫಿಕ್ಸ್ ಸಾಮಾನ್ಯ. ಪತ್ರ ಬರೆಯಲು, ಲೆಕ್ಕದ ಹಾಳೆ ತುಂಬಲು, ಬ್ಯಾಂಕಿನ ಕೆಲಸಕ್ಕೆ, ವಿಡಿಯೋ ಸಭೆಗೆ ಇದು ಧಾರಾಳವಾಗಿ ಸಾಕು. ಮದರ್‌ಬೋರ್ಡಿನಲ್ಲಿ ಕಿಂಡಿಗಳಿದ್ದರೆ ಒಮ್ಮೆಗೆ ಮೂರು ಮಾನಿಟರುಗಳನ್ನು ನಡೆಸುವ ಶಕ್ತಿಯೂ ಅದಕ್ಕುಂಟು. ಇಂಟೆಲಿನ ಈ ಗ್ರಾಫಿಕ್ಸಿಗೆ ಬೇಕಾದ ಡ್ರೈವರು ಲಿನಕ್ಸಿನೊಳಗೇ ಇರುವುದರಿಂದ ಯಾವುದನ್ನೂ ಹುಡುಕಿ ತರಬೇಕಾಗಿಲ್ಲ.

ಆದಕಾರಣ ನಾವು ಕೊಡುವ ಮೊದಲ ಸಲಹೆ ಅಂಗಡಿಯವನಿಗೆ ಹಿಡಿಸದು: ಕೊಳ್ಳಬೇಡಿ. ಯಂತ್ರ ನಿಧಾನವೆನಿಸಿದರೆ ತಪ್ಪು ಸಾಮಾನ್ಯವಾಗಿ ಗ್ರಾಫಿಕ್ಸಿನದಲ್ಲ. ತಿರುಗುವ ಹಳೆಯ ಹಾರ್ಡ್ ಡಿಸ್ಕು ಇರುತ್ತದೆ, ಇಲ್ಲವೆ ನೆನಪು ನಾಲ್ಕು ಜಿಬಿಯಷ್ಟೇ ಇರುತ್ತದೆ. ಒಳಗ್ರಾಫಿಕ್ಸು ತನ್ನ ಕೆಲಸಕ್ಕೆ ಆ ನೆನಪಿನಿಂದಲೇ ಸಾಲ ತೆಗೆಯುತ್ತದೆಂಬುದನ್ನೂ ಮರೆಯಬಾರದು. ಕಾರ್ಡಿಗೆಂದು ಎತ್ತಿಟ್ಟ ಹಣವನ್ನು ಒಂದು ಎಸ್‌ಎಸ್‌ಡಿಗೂ, ಇನ್ನೊಂದು ನೆನಪಿನ ಪಟ್ಟಿಗೂ ಹಾಕಿದರೆ ಗುಮಾಸ್ತರ ಮುಖ ಅರಳುತ್ತದೆ.

ಹಾಗಾದರೆ ಕಾರ್ಡು ಯಾರಿಗೆ ಬೇಕು? ಪ್ರೊಸೆಸರಿನಲ್ಲಿ ಗ್ರಾಫಿಕ್ಸೇ ಇಲ್ಲದವರಿಗೆ ಬೇಕು. ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ, ಉದಾಹರಣೆಗೆ ಐ5-12400ಎಫ್, ಅದರೊಳಗೆ ಗ್ರಾಫಿಕ್ಸ್ ಇಲ್ಲವೆಂದು ತಿಳಿಯಬೇಕು. ಎಎಂಡಿಯ ರೈಜನ್ 5 5600ರಲ್ಲಿ ಇಲ್ಲ, 5600ಜಿ ಎಂಬುದರಲ್ಲಿ ಇದೆ. 2022ರಲ್ಲಿ ಬಂದ ರೈಜನ್ 7000 ಸಾಲಿನಿಂದ ಈಚೆಗೆ, ‘ಎಫ್’ ಇರುವವನ್ನು ಬಿಟ್ಟರೆ, ಮೇಜಿನ ಯಂತ್ರಗಳಿಗೆ ಚಿಕ್ಕದೊಂದು ಗ್ರಾಫಿಕ್ಸು ಒಳಗೇ ಬರುತ್ತದೆ. ಹೊಸ ಯಂತ್ರ ಕಟ್ಟಿಸುವಾಗ ಒಂದು ಅಕ್ಷರಕ್ಕಾಗಿ ಸ್ವಲ್ಪ ಹಣ ಉಳಿಸಿ, ಆಮೇಲೆ ಅದರ ಎರಡರಷ್ಟನ್ನು ಕಾರ್ಡಿಗೆ ತೆರುವವರು ಕಡಮೆಯಿಲ್ಲ. ಇನ್ನು ಒಳಗ್ರಾಫಿಕ್ಸಿನ ಕಿಂಡಿ ಕೆಟ್ಟವರಿಗೆ ಬೇಕು. 4ಕೆ ಮಾನಿಟರು ಕೊಂಡು, ಬೋರ್ಡಿನಲ್ಲಿ ಹಳೆಯ ಎಚ್‌ಡಿಎಂಐ 1.4 ಮಾತ್ರ ಇರುವವರಿಗೆ ಬೇಕು. ಆ ಕಿಂಡಿಯಿಂದ 4ಕೆ ಚಿತ್ರ ಸೆಕೆಂಡಿಗೆ ಮೂವತ್ತು ಸಲವಷ್ಟೇ ಬರುವುದರಿಂದ ಇಲಿಯ ಬಾಣ ತಡವರಿಸುತ್ತದೆ. ಬೋರ್ಡಿನಲ್ಲಿ ಡಿಸ್‌ಪ್ಲೇ ಪೋರ್ಟ್ ಇದ್ದರೆ ಅದರಿಂದ ಅರವತ್ತು ಸಲ ಬರುತ್ತದೆ. ಆಗ ಕೇಬಲ್ ಒಂದನ್ನು ಕೊಂಡರಾಯಿತು.

ಇನ್ನು ಮುಖ್ಯ ಮಾತು. ಕಾರ್ಡು ಒಂದು ಯಂತ್ರ, ಲಿನಕ್ಸು ಒಂದು ಯಜಮಾನ. ಇಬ್ಬರ ಭಾಷೆಯೂ ಬೇರೆ. ನಡುವೆ ನಿಂತು ಅತ್ತಲಿನ ಮಾತನ್ನು ಇತ್ತ ಹೇಳುವ ದುಭಾಷಿಯೇ ಡ್ರೈವರು. (ಕಾರು ಬಿಡುವವನಿಗೂ ಇದೇ ಹೆಸರಿರುವುದರಿಂದ ಒಬ್ಬ ಹಿರಿಯರು, “ಅವನಿಗೆ ಸಂಬಳವೆಷ್ಟು?” ಎಂದು ಕೇಳಿದ್ದುಂಟು.) ಪರಭಾಷೆಯ ನಡುವೆ ಬಾಳುವ ನಮಗೆ ದುಭಾಷಿಯ ಬೆಲೆ ಗೊತ್ತು. ಮನೆಯಲ್ಲಿಯೇ ಬೆಳೆದು ಎರಡು ಭಾಷೆಯನ್ನೂ ಬಲ್ಲ ಹುಡುಗ ಒಂದು ಬಗೆ. ಹೊರಗಿನಿಂದ ಕರೆತಂದು, ತಾನು ಏನು ಹೇಳುತ್ತಿದ್ದೇನೆಂಬುದನ್ನು ಗುಟ್ಟಾಗಿಡುವವನು ಇನ್ನೊಂದು ಬಗೆ. ಲಿನಕ್ಸಿನ ತಿರುಳಿಗೆ ಕರ್ನೆಲ್ ಎಂದು ಹೆಸರು. ಮೊದಲನೆಯ ಬಗೆಯ ಡ್ರೈವರು ಆ ಕರ್ನೆಲಿನ ಮೂಲಲಿಪಿಯಲ್ಲಿಯೇ ಸೇರಿರುತ್ತದೆ. ಕರ್ನೆಲ್ ಬದಲಾದಾಗ ಅದನ್ನು ಬದಲಿಸಿದವರೇ ಡ್ರೈವರನ್ನೂ ಅದಕ್ಕೆ ಹೊಂದಿಸುತ್ತಾರೆ. ಎರಡನೆಯ ಬಗೆಯದನ್ನು ಪ್ರತಿ ಬದಲಾವಣೆಗೂ ಮತ್ತೆ ಜೋಡಿಸಿಕೊಳ್ಳಬೇಕು. ಸಾಮಾನ್ಯವಾಗಿ ಅದು ತಾನಾಗಿಯೇ ನಡೆಯುತ್ತದೆ, ಒಮ್ಮೊಮ್ಮೆ ನಡೆಯುವುದಿಲ್ಲ.

ಆ ‘ಒಮ್ಮೊಮ್ಮೆ’ಯೇ ಆಫೀಸಿನವರಿಗೆ ದುಬಾರಿ. ಮಾರ್ಚ್ ತಿಂಗಳ ಕಡೆಯ ವಾರವೆಂದು ಇಟ್ಟುಕೊಳ್ಳಿ. ಹಿಂದಿನ ಸಂಜೆ ಯಂತ್ರ ತನ್ನ ಪಾಡಿಗೆ ತಾನು ಭದ್ರತೆಯ ಹೊಸ ಕಂತನ್ನು ಹಾಕಿಕೊಂಡಿದೆ. ಬೆಳಗ್ಗೆ ಗುಮಾಸ್ತರು ಬಂದು ಗುಂಡಿ ಒತ್ತಿದರೆ ಕಪ್ಪು ತೆರೆ; ಮೂಲೆಯಲ್ಲಿ ಒಂದು ಗೀಟು ಮಿಟುಕುತ್ತಿದೆ. ಒಳಗಿನ ಕಡತಗಳೆಲ್ಲ ಕ್ಷೇಮ, ಆದರೆ ನೋಡುವಂತಿಲ್ಲ. ಕಂಪ್ಯೂಟರ್ ಹುಡುಗ ಠಾಣೆಯಲ್ಲಿದ್ದಾನೆ, ಸಂಜೆ ಬರುತ್ತೇನೆನ್ನುತ್ತಾನೆ. ಬಲ್ಲವರಾದರೆ ಯಂತ್ರ ಎದ್ದೇಳುವಾಗ ಹಿಂದಿನ ಕರ್ನೆಲನ್ನು ಆರಿಸಿಕೊಂಡು ಐದು ನಿಮಿಷದಲ್ಲಿ ಪಾರಾಗುತ್ತಾರೆ. ಅಲ್ಲದವರಿಗೆ ಆ ದಿನ ಹೋಯಿತು. ಆಟದ ವೇಗಕ್ಕಾಗಿ ಕಾರ್ಡು ಕೊಳ್ಳುವ ತರುಣನಿಗೆ ಇದು ಒಂದು ಸಂಜೆಯ ಕಿರಿಕಿರಿ. ಗಡುವಿನ ಮೇಲೆ ಬಾಳುವ ಆಫೀಸಿಗೆ ಹಾಗಲ್ಲ. ಕಾರ್ಡು ಆರಿಸುವಾಗ ನಾವು ವೇಗವನ್ನು ಕಡೆಗಿಟ್ಟು ಡ್ರೈವರನ್ನು ಮುಂದಿಡುವುದು ಇದಕ್ಕಾಗಿಯೇ.

ಈ ಮುಕ್ತ ತಂತ್ರಾಂಶದ ಚಳವಳಿಯ ಹುಟ್ಟಿಗೇ ಇಂಥದೊಂದು ಡ್ರೈವರಿನ ಜಗಳ ಕಾರಣವಾಯಿತೆಂಬುದು ಸ್ವಾರಸ್ಯದ ಸಂಗತಿ. 1980ರ ಸುಮಾರಿನಲ್ಲಿ ಅಮೆರಿಕೆಯ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪೆನಿಯ ಒಂದು ಲೇಸರ್ ಪ್ರಿಂಟರು ಬಂದಿತು. ಕಾಗದ ಸಿಕ್ಕಿಕೊಂಡರೆ ಹೇಳುತ್ತಿರಲಿಲ್ಲ. ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ ಈ ದೋಷವನ್ನು ಸರಿಮಾಡಿದ್ದ ರಿಚರ್ಡ್ ಸ್ಟಾಲ್ಮನ್ ಹೊಸದರ ಮೂಲಲಿಪಿಯನ್ನು ಕೇಳಿದರೆ, ಕೊಡುವುದಿಲ್ಲವೆಂದು ಮಾತುಕೊಟ್ಟಿದ್ದೇವೆಂಬ ಉತ್ತರ ಬಂದಿತು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಕರ್ನೆಲ್ ಅದರೊಡನೆ ಕೂಡಿಕೊಂಡಿತು. ನಲವತ್ತು ವರ್ಷ ಕಳೆದರೂ ಜಗಳದ ವಸ್ತು ಅದೇ: ನಾನು ಹಣ ಕೊಟ್ಟು ಕೊಂಡ ಯಂತ್ರದೊಡನೆ ಮಾತಾಡುವ ಬಗೆಯನ್ನು ನನಗೆ ಹೇಳುವೆಯೋ ಇಲ್ಲವೋ?

ಗ್ರಾಫಿಕ್ಸಿನಲ್ಲಿ ಮೂರು ಮನೆತನಗಳು, ಇಂಟೆಲ್, ಎಎಂಡಿ, ಎನ್‌ವಿಡಿಯಾ. ಇಂಟೆಲಿನದನ್ನು ಆಗಲೇ ಹೇಳಿದೆವು. ಎಎಂಡಿ 2006ರಲ್ಲಿ ಎಟಿಐ ಎಂಬ ಕಾರ್ಡಿನ ಕಂಪೆನಿಯನ್ನು ಕೊಂಡು, ಮರುವರ್ಷವೇ ತನ್ನ ಚಿಪ್ಪುಗಳ ವಿವರಗಳನ್ನು ಹೊರಗೆ ಕೊಡತೊಡಗಿತು. 2015ರಲ್ಲಿ ‘ಎಎಂಡಿಜಿಪಿಯು’ ಎಂಬ ಅದರ ಮುಕ್ತ ಡ್ರೈವರು ಕರ್ನೆಲಿನ 4.2ನೆಯ ಆವೃತ್ತಿಗೆ ಸೇರಿತು. 2012ರ ಸುಮಾರಿನ ರೇಡಿಯಾನ್ ಕಾರ್ಡುಗಳಿಗೆ ಇಂದಿಗೂ ಕರ್ನೆಲಿನಲ್ಲಿ ಡ್ರೈವರು ಉಂಟು. ಒಂದು ತಗಾದೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಡ್ರೈವರು ಮುಕ್ತವಾದರೂ ಕಾರ್ಡು ಏಳುವಾಗ ಅದರೊಳಗೆ ತುಂಬುವ ಫರ್ಮ್‌ವೇರ್ ಎಂಬ ಪುಟ್ಟ ಕಡತ ಮುಕ್ತವಲ್ಲ. ಅದಿಲ್ಲದೆ ಕಾರ್ಡು ಸರಿಯಾಗಿ ಕೆಲಸ ಮಾಡದು. ಡೆಬಿಯನ್ನಿನವರು ಬಹುಕಾಲ ಇಂಥವನ್ನು ಬಾಗಿಲ ಹೊರಗೇ ಇಟ್ಟಿದ್ದರು; 2022ರಲ್ಲಿ ಮತ ಹಾಕಿ, 2023ರ 12ನೆಯ ಆವೃತ್ತಿಯಿಂದ ಸ್ಥಾಪನೆಯ ಡಿಸ್ಕಿನಲ್ಲಿಯೇ ಸೇರಿಸಿದರು. ಮಡಿ ಸ್ವಲ್ಪ ಸಡಿಲವಾಯಿತೆಂದು ಕೆಲವರಿಗೆ ಬೇಸರ. ನಮಗಂತೂ ಅದು ವಿವೇಕವೆಂದೇ ತೋರಿತು.

ಎನ್‌ವಿಡಿಯಾದ ಮಾತು ಬೇರೆ. ಬಲದಲ್ಲಿ ಅದರ ಕಾರ್ಡುಗಳು ಯಾರಿಗೂ ಕಡಮೆಯಲ್ಲ. ಆದರೆ ಬಹುಕಾಲ ಡ್ರೈವರನ್ನು ಮುಚ್ಚಿಯೇ ಇಟ್ಟಿತು. 2012ರ ಜೂನ್ ತಿಂಗಳಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾನಿಲಯದ ಸಭೆಯಲ್ಲಿ ಟೋರ್ವಾಲ್ಡ್ಸ್ ಆ ಕಂಪೆನಿಯನ್ನು ಕುಟುಂಬದ ಪತ್ರಿಕೆಯಲ್ಲಿ ಅಚ್ಚುಹಾಕಲಾರದ ಮಾತಿನಿಂದ ಬಯ್ದರು. ಹೊರಗಿನ ಉತ್ಸಾಹಿಗಳು ಕಾರ್ಡಿನ ನಡವಳಿಕೆಯನ್ನು ನೋಡಿ ನೋಡಿ, ಗುಟ್ಟನ್ನು ಊಹಿಸಿ ಬರೆದ ‘ನೂವೋ’ ಎಂಬ ಮುಕ್ತ ಡ್ರೈವರು 2010ರಲ್ಲಿ ಕರ್ನೆಲಿಗೆ ಸೇರಿತ್ತು. ಅವರ ಸಾಹಸಕ್ಕೆ ಕೈಮುಗಿಯಬೇಕು. ಆದರೆ ಜಿಟಿಎಕ್ಸ್ 900 ಸಾಲಿನಿಂದ ಕಂಪೆನಿಯ ರುಜುವಿಲ್ಲದ ಫರ್ಮ್‌ವೇರನ್ನು ಕಾರ್ಡು ಒಪ್ಪದಾಯಿತು. ಅಂಥ ಕಾರ್ಡು ನೂವೋವಿನ ಕೈಯಲ್ಲಿ ತನ್ನ ಪೂರ್ಣ ವೇಗಕ್ಕೆ ಏರಲಾರದಾಯಿತು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ಮನಸ್ಸು ಬದಲಿಸಿ, 2018ರ ಟ್ಯೂರಿಂಗ್ ತಲೆಮಾರು ಮತ್ತು ಅದರ ಮುಂದಿನವಕ್ಕೆ ಕರ್ನೆಲಿನ ಭಾಗದ ಲಿಪಿಯನ್ನು ತೆರೆದಿಟ್ಟಿತು. ಮೇಲಿನ ಭಾಗ ಇನ್ನೂ ಮುಚ್ಚಿದೆ. ತೆರೆದ ಭಾಗವೂ ಕರ್ನೆಲಿನ ಮನೆಯೊಳಗೆ ಸೇರಿಲ್ಲ, ಹೊರಗಿನಿಂದಲೇ ಬಂದು ಹೋಗುತ್ತದೆ.

ಆಫೀಸಿನವರಿಗೆ ಇಲ್ಲಿ ಇನ್ನೊಂದು ತೊಡಕುಂಟು. ಹೊರಗಿನ ದುಭಾಷಿಗೆ ನಿವೃತ್ತಿಯ ವಯಸ್ಸಿದೆ. ಜಿಟಿ 710 ಎಂಬುದು ಅಗ್ಗದ ಕಾರ್ಡೆಂದು ಬಹಳ ಆಫೀಸುಗಳಿಗೆ ಹೊಕ್ಕಿರುವ ಸರಕು. ಅದು ಕೆಪ್ಲರ್ ತಲೆಮಾರಿನದು. ಅದಕ್ಕೆ ಕಂಪೆನಿ ಕೊಡುತ್ತಿದ್ದ 470ರ ಸಾಲಿನ ಡ್ರೈವರಿಗೆ 2024ರಲ್ಲಿ ಬೆಂಬಲ ಮುಗಿಯಿತು. ಅದಕ್ಕಿಂತ ಹಿಂದಿನ ಫರ್ಮಿ ತಲೆಮಾರಿನ 390ರ ಸಾಲು 2022ಕ್ಕೇ ನಿಂತಿತು. ಜಿಟಿ 730 ಎಂಬ ಹೆಸರಿನಲ್ಲಂತೂ ಈ ಎರಡು ತಲೆಮಾರಿನ ಚಿಪ್ಪುಗಳೂ ಮಾರಾಟವಾಗಿವೆ. ಡಬ್ಬದ ಮೇಲಿನ ಹೆಸರು ನೋಡಿ ಒಳಗಿನ ಚಿಪ್ಪನ್ನು ಹೇಳಲಾಗದು. ನಿಮ್ಮಲ್ಲಿ ಇವು ಆಗಲೇ ಇದ್ದರೆ ಎಸೆಯಬೇಕಾಗಿಲ್ಲ, ನೂವೋವಿನ ಕೈಕೆಳಗೆ ಪತ್ರ, ಲೆಕ್ಕದ ಕೆಲಸಕ್ಕೆ ದುಡಿದಾವು. ಹೊಸದಾಗಿ ಕೊಳ್ಳುವುದು ಮಾತ್ರ ಬೇಡ.

ಎನ್‌ವಿಡಿಯಾ ಯಾರಿಗೂ ಬೇಡವೆಂದು ನಮ್ಮ ಮಾತಲ್ಲ. ಬ್ಲೆಂಡರಿನಲ್ಲಿ ಚಲಚ್ಚಿತ್ರ ಮಾಡುವವರು, ಕೂಡಾ ಎಂಬ ಅದರ ಗಣನೆಯ ವಿಧಾನವನ್ನೇ ನಂಬಿದ ತಂತ್ರಾಂಶಗಳಿರುವವರು ಅದನ್ನೇ ಕೊಳ್ಳಬೇಕು. ಟ್ಯೂರಿಂಗಿಗಿಂತ ಹಳೆಯದನ್ನು ಕೊಳ್ಳದಿದ್ದರಾಯಿತು. ಅಂಥವರು ತಮ್ಮ ವಿತರಣೆಯವರೇ ಕೊಡುವ ಡ್ರೈವರನ್ನು ಹಾಕಿಕೊಳ್ಳಲಿ, ಕಂಪೆನಿಯ ಜಾಲತಾಣದಿಂದ ಇಳಿಸಿದ್ದನ್ನಲ್ಲ. ನವೀಕರಣವನ್ನು ಶನಿವಾರ ಮಧ್ಯಾಹ್ನ ಮಾಡಲಿ.

ಸಾಮಾನ್ಯ ಆಫೀಸಿಗೆ ಕಾರ್ಡು ಬೇಕೇ ಬೇಕಾದಾಗ ಅಳತೆ ಮೂರು. ಮೊದಲನೆಯದು ವಿದ್ಯುತ್ತು. ಮದರ್‌ಬೋರ್ಡಿನ ಗೂಡು ಹೆಚ್ಚೆಂದರೆ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಬೇರೆ ತಂತಿ ಎಳೆಯಬೇಕು. ಆಫೀಸಿನ ಸಣ್ಣ ಪೆಟ್ಟಿಗೆಗಳಲ್ಲಿ ಆ ತಂತಿಯೇ ಇರುವುದಿಲ್ಲ. ಎರಡನೆಯದು ಎತ್ತರ. ಚಪ್ಪಟೆಯ ಪೆಟ್ಟಿಗೆಗೆ ಗಿಡ್ಡ ಕಾರ್ಡೇ ಬೇಕು, ಜೊತೆಗೆ ಗಿಡ್ಡ ತಗಡೂ ಡಬ್ಬದಲ್ಲಿ ಇರಬೇಕು. ತಗಡು ಮರೆತು ಮನೆಗೆ ಬಂದರೆ ಮತ್ತೊಂದು ಸಲ ಲೋಕಲ್ ಹತ್ತಬೇಕು. ಮೂರನೆಯದು ಕಿಂಡಿ. ಹೊಸ ಕಾರ್ಡುಗಳಲ್ಲಿ ಹಳೆಯ ನೀಲಿ ವಿಜಿಎ ಕಿಂಡಿ ಇಲ್ಲ. ವಿಜಿಎ ಮಾನಿಟರೇ ಗತಿಯಾದರೆ ಸಂಕೇತವನ್ನು ಬದಲಿಸುವ ಪರಿವರ್ತಕ ಬೇಕು. ಬರಿಯ ಎಚ್‌ಡಿಎಂಐ ತುದಿಗೆ ವಿಜಿಎ ತುದಿ ಹೊಲಿದ ಅಗ್ಗದ ತಂತಿಯಿಂದ ಚಿತ್ರ ಬಾರದು.

ಈ ಅಳತೆಗಳಿಗೆ ಹೊಂದುವವು ಕೆಲವೇ. ಎಎಂಡಿಯ ರೇಡಿಯಾನ್ ಆರ್‌ಎಕ್ಸ್ 6400, 2022ರಲ್ಲಿ ಬಂದದ್ದು, 53 ವ್ಯಾಟಿನಲ್ಲಿ ದುಡಿಯುತ್ತದೆ, ಗಿಡ್ಡ ಆಕಾರದಲ್ಲಿಯೂ ದೊರೆಯುತ್ತದೆ. ಮಾನಿಟರಿಗೆ ಎರಡೇ ಕಿಂಡಿ; ವಿಡಿಯೋವನ್ನು ಬಿಚ್ಚಿ ತೋರಿಸುತ್ತದೆಯೇ ಹೊರತು ಹೊಸದಾಗಿ ಕಟ್ಟುವ ಅಂಗ ಅದರಲ್ಲಿಲ್ಲ. ಆಟಗಾರರು ಇದನ್ನು ಹೀಗಳೆದರು. ಆಫೀಸಿಗೆ ಆ ಕೊರತೆಗಳಿಂದ ನಷ್ಟವಿಲ್ಲ. ನಮ್ಮ ಆಯ್ಕೆ ಕೇಳಿದರೆ ಇದೇ. ಹಳೆಯದರಲ್ಲಿ 2017ರ ಆರ್‌ಎಕ್ಸ್ 550 ಸಿಕ್ಕರೆ ಅದೂ ಆದೀತು. ಇಂಟೆಲಿನ ಆರ್ಕ್ ಎ310, ಎ380 ಎಂಬವು 75 ವ್ಯಾಟಿನೊಳಗಿನವೇ. ವಿಡಿಯೋ ಕೆಲಸಕ್ಕೆ ಬಲು ಜಾಣ. ಆದರೆ ‘ರೀಸೈಜಬಲ್ ಬಾರ್’ ಎಂಬ ಸೌಕರ್ಯ ಬೋರ್ಡಿನಲ್ಲಿಲ್ಲದಿದ್ದರೆ ಅವು ಕುಂಟುತ್ತವೆ, ಆರು ಏಳನೆಯ ತಲೆಮಾರಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಹೊಸ ಯಂತ್ರಕ್ಕೆ ಹಾಕಬಹುದು.

ಇಲ್ಲೊಂದು ಎಚ್ಚರಿಕೆ. ಡ್ರೈವರು ಕರ್ನೆಲಿನೊಳಗೇ ಇರುವುದೆಂದರೆ, ಕಾರ್ಡು ಹುಟ್ಟಿದ ಮೇಲೆ ಬಂದ ಕರ್ನೆಲ್ ಬೇಕು ಎಂದರ್ಥ. ಆರ್ಕ್ ಕಾರ್ಡುಗಳಿಗೆ ತಾನಾಗಿಯೇ ಬೆಂಬಲ ಬಂದದ್ದು 2023ರ 6.2ನೆಯ ಕರ್ನೆಲಿನಿಂದ. ಡೆಬಿಯನ್ 12ರಲ್ಲಿರುವುದು 6.1, 2025ರ ಡೆಬಿಯನ್ 13ರಲ್ಲಿ 6.12, ಉಬುಂಟು 24.04ರಲ್ಲಿ 6.8. ಹೀಗಾಗಿ ಕಳೆದ ತಿಂಗಳು ಪೇಟೆಗೆ ಬಂದ ಕಾರ್ಡನ್ನು ಎರಡು ವರ್ಷದ ಹಿಂದಿನ ವಿತರಣೆಗೆ ಹಾಕಿದರೆ ತೆರೆ ಮಂಕಾಗುವುದು ಕಾರ್ಡಿನ ತಪ್ಪಲ್ಲ. ಒಂದೆರಡು ವರ್ಷ ಹಳಸಿದ ಮಾದರಿಯನ್ನು ಕೊಳ್ಳುವುದೇ ಲೇಸು. ಉಪ್ಪಿನಕಾಯಿಯಂತೆ ಇದೂ ಕೆಲವು ಕಾಲ ಕೂತಷ್ಟು ಹದ.

ಅಂಗಡಿಯಲ್ಲಿ ಕೇಳಿಬರುವ ಇನ್ನೊಂದು ಮಾತು, ಒಳ್ಳೆಯ ಕಾರ್ಡಿದ್ದರೆ ಕನ್ನಡ ಅಕ್ಷರ ಚೆನ್ನಾಗಿ ಮೂಡುತ್ತದೆಂಬುದು. ಇದು ಶುದ್ಧ ಸುಳ್ಳು. ‘ಸ್ತ್ರೀ’ ಎಂಬಲ್ಲಿ ಒತ್ತುಗಳು ಎಲ್ಲಿ ಕೂಡಬೇಕೆಂಬುದನ್ನು ನಿರ್ಧರಿಸುವುದು ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಮತ್ತು ಅಚ್ಚಿನ ಫಾಂಟು. ಕಾರ್ಡಿಗೆ ಅದರ ಗೊಡವೆಯಿಲ್ಲ. ನೋಟೋ, ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಲಿನಕ್ಸಿಗೆ ಹಣವಿಲ್ಲದೆ ದೊರೆಯುತ್ತವೆ. ಕಗಪ ಕೀಲಿಮಣೆಯ ವಿನ್ಯಾಸವೂ ಉಂಟು. ಸಂಘದ ಹಳೆಯ ವರದಿಗಳು ಯೂನಿಕೋಡ್ ಅಲ್ಲದ ನುಡಿ ಅಕ್ಷರದಲ್ಲಿದ್ದರೆ ಅವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು; ಎಷ್ಟು ಬೆಲೆಯ ಕಾರ್ಡೂ ಅವನ್ನು ಓದಿಕೊಡದು.

ಹಳೆಯ ಕಾರ್ಡುಗಳ ಪೇಟೆಯ ಬಗೆಗೆ ಒಂದೆರಡು ಮಾತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯ ತನ್ನ ಪದ್ಧತಿ ಬದಲಿಸಿದಾಗ, ಹಗಲು ರಾತ್ರಿ ಅದನ್ನು ಅಗೆಯಲು ದುಡಿದ ಕಾರ್ಡುಗಳು ಪೇಟೆಗೆ ಸುರಿದವು. ಹೊರಗೆ ಒರೆಸಿ ಇಟ್ಟರೆ ಹೊಸದರಂತೆಯೇ ಕಾಣುತ್ತವೆ. ‘ಆರ್‌ಎಕ್ಸ್ 580 2048ಎಸ್‌ಪಿ’ ಎಂಬುದು ಹೆಸರಿಗೆ 580, ಒಳಗೆ 570. ಆಫೀಸಿಗೆ ಇಷ್ಟು ದೊಡ್ಡ ಕಾರ್ಡಿನ ಅಗತ್ಯವೇ ಇಲ್ಲದಿರುವಾಗ ಈ ಜೂಜೇಕೆ?

ಕೊಳ್ಳುವ ದಿನ ಲ್ಯಾಮಿಂಗ್ಟನ್ ರೋಡಿಗೋ, ಚೆನ್ನೈಯವರಾದರೆ ರಿಚೀ ಸ್ಟ್ರೀಟಿಗೋ, ದಿಲ್ಲಿಯವರಾದರೆ ನೆಹರೂ ಪ್ಲೇಸಿಗೋ ಹೋಗುವಾಗ ಜೇಬಿನಲ್ಲಿ ಒಂದು ಪೆನ್ ಡ್ರೈವ್ ಇರಲಿ. ನೀವು ಆಫೀಸಿನಲ್ಲಿ ಹಾಕಬೇಕೆಂದಿರುವ ಲಿನಕ್ಸನ್ನೇ ಅದಕ್ಕೆ ಮೊದಲೇ ತುಂಬಿಕೊಳ್ಳಿ. ಯಂತ್ರದ ಡಿಸ್ಕನ್ನು ಮುಟ್ಟದೆ ಅದರಿಂದಲೇ ಲಿನಕ್ಸನ್ನು ಎಬ್ಬಿಸಬಹುದು. ಅಂಗಡಿಯ ಯಂತ್ರಕ್ಕೆ ಕಾರ್ಡು ಹಾಕಿಸಿ, ಪೆನ್ ಡ್ರೈವಿನಿಂದ ಎಬ್ಬಿಸಿರೆಂದು ಕೇಳಿ. ಒಪ್ಪದಿದ್ದರೆ ಪಕ್ಕದ ಅಂಗಡಿಯೂ ಅದೇ ಸರಕನ್ನು ಮಾರುತ್ತದೆ. ತೆರೆ ಬಂದ ಮೇಲೆ ಸೆಟ್ಟಿಂಗ್ಸಿನಲ್ಲಿ ಯಂತ್ರದ ಪರಿಚಯದ ಪುಟ ತೆರೆದು ಗ್ರಾಫಿಕ್ಸ್ ಎಂಬ ಸಾಲನ್ನು ಓದಿ. ಅಲ್ಲಿ ಕಾರ್ಡಿನ ಹೆಸರಿದ್ದರೆ ದುಭಾಷಿ ಕೆಲಸಕ್ಕೆ ಹಾಜರು. ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ, ಕಾರ್ಡು ಸುಮ್ಮನೆ ಕುಳಿತಿದೆ, ಪ್ರೊಸೆಸರೇ ಬೆವರು ಸುರಿಸಿ ಚಿತ್ರ ಬಿಡಿಸುತ್ತಿದೆ ಎಂದು ತಿಳಿಯಬೇಕು. ಎರಡು ಮಾನಿಟರು ನಡೆಸಬೇಕೆಂದಿದ್ದರೆ ಎರಡನ್ನೂ ಅಲ್ಲಿಯೇ ಜೋಡಿಸಿ ನೋಡಿ. ಒಮ್ಮೆ ನಿದ್ದೆಗೆ ಕಳಿಸಿ ಎಬ್ಬಿಸಿ. ಎದ್ದ ಮೇಲೆ ಚಿತ್ರ ಬರದ ರೋಗ ಇಲ್ಲಿಯೇ ಬಯಲಾಗುತ್ತದೆ. ಬಿಲ್ಲಿನಲ್ಲಿ ಮಾದರಿಯ ಪೂರ್ಣ ಹೆಸರನ್ನೂ ಕ್ರಮಸಂಖ್ಯೆಯನ್ನೂ ಬರೆಸಿಕೊಳ್ಳಿ, ಗಿಡ್ಡ ತಗಡು ಡಬ್ಬದಲ್ಲಿದೆಯೇ ಎಂದು ಕೈಹಾಕಿ ನೋಡಿ, ಆಮೇಲೆ ಹಣ ಕೊಡಿ.